ಪುಸ್ತಕ ಮುಚ್ಚಿದ್ರೆ ಕೈ ನಿಂತೋಗುತ್ತೆ! ಬಾಖ್ ಪ್ರೆಲ್ಯೂಡ್ ಇಟ್ಕೊಂಡು ಇಂಪ್ರೊವೈಸೇಶನ್ ಕಲಿಯೋದು ಹೇಗೆ?

ರಾಜಾಜಿನಗರ_ರಘು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಪೋಸ್ಟು, ಮೊದಲೇ ಸಾರಿ. ನಾನು ಪಿಯಾನೋ ಶುರು ಮಾಡಿದ್ದೇ 31ನೇ ವಯಸ್ಸಿಗೆ, ಆರು ವರ್ಷ ಆಯ್ತು, ಹೋದ ವರ್ಷ ಟ್ರಿನಿಟಿ ಸಂಗೀತ ಪರೀಕ್ಷೆ ಗ್ರೇಡ್ 5 ಪಾಸಾದೆ. ಮನೇಲಿರೋದು 88 ಕೀ ಡಿಜಿಟಲ್. ನೋಟೇಶನ್ ಕಣ್ಮುಂದೆ ಇದ್ರೆ ತಡವರಿಸ್ಕೊಂಡಾದ್ರೂ ನುಡಿಸ್ತೀನಿ, ಪುಸ್ತಕ ಮುಚ್ಚಿದ್ರೆ ಮುಗೀತು ಕಥೆ. ಮೊನ್ನೆ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದಲ್ಲಿ ಛತ್ರದ ಸ್ಟೇಜ್ ಮೇಲೆ ಒಂದು ಕೀಬೋರ್ಡ್ ಇತ್ತು, "ರಘು, ಏನಾದ್ರೂ ಬಾರ್ಸೋ, ಆರು ವರ್ಷದಿಂದ ಫೀಸ್ ಕಟ್ತಿದೀಯಲ್ಲ" ಅಂದ್ರು ಚಿಕ್ಕಪ್ಪ. ಸಿ ಮೇಜರ್ ಸ್ಕೇಲ್ ಮೇಲೆ ಎರಡು ಸಲ ಹತ್ತಿ ಇಳಿದು ಎದ್ದು ಬಂದೆ. ಊಟದ ಪಂಕ್ತೀಲೂ ಅದೇ ಮಾತು.

ಕ್ಲಾಸಿಕಲ್ ಪೀಸ್‌ಗಳ ಹಾರ್ಮನಿ (ಕಾರ್ಡ್‌ಗಳ ಸಾಲು) ಎರವಲು ತಗೊಂಡು ಅದರ ಮೇಲೆ ನಮ್ಮದೇ ಏನಾದ್ರೂ ನುಡಿಸೋದು ಇಂಪ್ರೊವೈಸೇಶನ್ (ಪುಸ್ತಕ ಇಲ್ದೆ ಆಗಿಂದಾಗ ಕಟ್ಟಿ ನುಡಿಸೋದು) ಕಲಿಯೋಕೆ ಒಳ್ಳೆ ದಾರಿ ಅಂತ ಕೇಳಿದೀನಿ. ಅದಕ್ಕೇ ಎಲ್ಲರಿಗೂ ಗೊತ್ತಿರೋ ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್ (ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 846) ತಗೊಂಡೆ. ಪ್ರತಿ ಬಾರ್‌ಗೂ (ನಮ್ಮ ತಾಳದ ಆವರ್ತ ಥರ) ಕಾರ್ಡ್ ಹೆಸರು, ಅಂದ್ರೆ ಒಟ್ಟಿಗೆ ಒತ್ತೋ ಸ್ವರಗಳ ಗುಂಪಿನ ಹೆಸರು, ಬರೆದು, ಎಡಗೈಲಿ ಆ ಕಾರ್ಡ್ ಹಿಡಿದು, ಬಲಗೈಲಿ ಬಿಳಿ ಕೀಗಳ ಮೇಲೆ ಮನಸ್ಸಿಗೆ ಬಂದಿದ್ದು ನುಡಿಸ್ತಾ ಹೋದೆ. ಐದು ಬಾರ್ ಪರವಾಗಿಲ್ಲ. ಆರನೇ ಬಾರ್‌ಗೆ ಬಂದ ತಕ್ಷಣ ಅನ್ನದಲ್ಲಿ ಕಲ್ಲು ಸಿಕ್ಕಂಗೆ ಆಗುತ್ತೆ. ಅದೂ ಅಲ್ದೆ ಇಡೀ ಪೀಸ್ ಇಳಿಜಾರಲ್ಲಿ ಡಬ್ಬ ಉರುಳಿದಂಗೆ ಕೇಳುತ್ತೆ, ಬಾಖ್ ನುಡಿಸಿದಾಗ ಇರೋ ಹರಿವು ಇಲ್ಲವೇ ಇಲ್ಲ. ಎಲ್ಲಿ ತಪ್ತಿದೀನಿ?

ಇನ್ನೊಂದು ತಲೆಹರಟೆ ಪ್ರಶ್ನೆ. ಎಲ್ಲಾ ಕಡೆ ಈ ಪ್ರೆಲ್ಯೂಡ್ 35 ಬಾರ್ ಅಂತಾರೆ, ನನ್ನ ಹತ್ರ ಇರೋ ಹಳೇ ಪಿಡಿಎಫ್‌ನಲ್ಲಿ 36 ಇದೆ. ಮೂರು ಸಲ ಎಣಿಸಿದೆ.

ಕೀಬೋರ್ಡ್_ಕಿಟ್ಟಿ:
ರಘು ಅಣ್ಣಾ, ನಾವು ರಸಮಂಜರಿ ಪ್ರೋಗ್ರಾಮಿನ್ಯಾಗ ದಿನಾ ಮಾಡೂದು ಇದ ಐತ್ರಿ, ಹೆಸರು ಮಾತ್ರ ಗೊತ್ತಿರಲಿಲ್ಲ 😄 ಸಿಂಗರ್ ಬರಾಕ ಲೇಟ್ ಆದ್ರ ಹತ್ತು ನಿಮಿಷ ಏನರ ಬಾರಿಸಿಕೋತ ಕುಂದ್ರಬೇಕು, ಜನ ಎದ್ದು ಹೋಗಬಾರದು. ಆರನೇ ಬಾರಿನ್ಯಾಗ ಯಾವ ಕಾರ್ಡ್ ಬರದೀರಿ?

ರಾಜಾಜಿನಗರ_ರಘು:
ಡಿ7.

ಕೀಬೋರ್ಡ್_ಕಿಟ್ಟಿ:
ಮತ್ತ ಅದರೊಳಗ ಎಫ್ ಶಾರ್ಪ್, ಅಂದ್ರ ಎಫ್ ಬಾಜೂಕಿನ ಕಪ್ಪು ಕೀ, ಐತಲ್ರೀ. ನೀವು ಬಲಗೈಲೆ ಬಿಳಿ ಎಫ್ ಒತ್ತಾಕತ್ತೀರಿ. ಕಲ್ಲು ಸಿಗದ ಏನಾಗತೈತಿ.

ವೀಣೆ_ವನಜ:
ನಾನು ಮೈಸೂರಲ್ಲಿ ವೀಣೆ ಪಾಠ ಹೇಳೋಳು, ಪಿಯಾನೋ ಮಗಳದ್ದು, ಅವಳು ಸ್ಕೂಲಿಗೆ ಹೋದಾಗ ನಾನು ಕೂರ್ತೀನಿ. ಕಿಟ್ಟಿ ಹೇಳಿದ್ದನ್ನೇ ನಮ್ಮ ಭಾಷೇಲಿ ಹೇಳ್ತೀನಿ. ಬಿಳಿ ಕೀ ಪೂರ್ತಿ ಶಂಕರಾಭರಣ, ಅಲ್ವಾ? ಆರನೇ ಬಾರ್‌ಗೆ ಬಾಖ್ ಪ್ರತಿಮಧ್ಯಮ (ಅದೇ ಎಫ್ ಶಾರ್ಪ್) ತರ್ತಾನೆ. ನೀವು ಶುದ್ಧಮಧ್ಯಮದಲ್ಲೇ ಕೂತಿದೀರಿ. 12ನೇ ಬಾರ್‌ಗೆ ಹೋದ್ರೆ ಶುದ್ಧ ರಿಷಭನೂ (ಸಿ ಶಾರ್ಪ್) ಬಂತು, ಕೈಶಿಕಿ ನಿಷಾದನೂ (ಬಿ ಫ್ಲಾಟ್) ಬಂತು, ಒಟ್ಟಿಗೇ! ನಾನು ಮೊದಲ ಸಲ ಕಂಡಾಗ ಬೆಚ್ಚಿಬಿದ್ದೆ ಕಣ್ರೀ. ನಾವು ಆಗಿಂದಾಗ ಕಟ್ಟೋ ಕಲ್ಪನಾಸ್ವರ ಹಾಕೋವಾಗ ರಾಗ ಅಲ್ಲಾಡಲ್ಲ, ಮನೆ ಒಂದೇ, ಅದರೊಳಗೆ ಎಷ್ಟು ಬೇಕಾದ್ರೂ ಓಡಾಡಬಹುದು. ಇಲ್ಲಿ ಬಾರ್ ಬಾರ್‌ಗೂ ಬಾಡಿಗೆ ಮನೆ ಬದಲಾಗುತ್ತೆ. ಹಾಗಾಗಿ ಒಂದು ರಾಗ ಹಿಡ್ಕೊಂಡು ಪೂರ್ತಿ ದಾಟ್ತೀನಿ ಅಂದ್ರೆ ಆಗಲ್ಲ.

ಕುಡ್ಲ_ಆರ್ಗನ್:
ಎಲ್ಲರೂ ಆರನೇ ಬಾರ್ ಹಿಡ್ಕೊಂಡ್ರಿ, ತಪ್ಪು ಇರುದು ಎರಡನೇ ಬಾರಲ್ಲಿ ಮಾರಾಯ್ರೆ. ನಾನು ಇಪ್ಪತ್ತು ವರ್ಷದಿಂದ ಚರ್ಚಲ್ಲಿ ಆರ್ಗನ್ ನುಡಿಸುದು. ರಘು ಅವರೇ, ಎರಡನೇ ಬಾರಿಗೆ ನೀವು ಎಂಥ ಬರೆದದ್ದು? ಡಿ ಮೈನರ್ 7, ಅಲ್ವಾ? ಎಡಗೈಯಲ್ಲಿ ಡಿ ಕೆಳಗೆ ಇಟ್ಟು ಡಿ ಎಫ್ ಎ ಸಿ ಹಿಡಿದ್ರಾ?

ರಾಜಾಜಿನಗರ_ರಘು:
ಹೌದು ಸರ್, ಹಾಗೇ. ಅದರಲ್ಲೇನು ತಪ್ಪು?

ಕುಡ್ಲ_ಆರ್ಗನ್:
ಹಾಗೆ ಹಿಡಿದ್ರೆ ಬಾಖ್ ಎದ್ದು ಹೊರಗೆ ಹೋಗ್ತಾನೆ ಆಯ್ತಾ. ಕಾರ್ಡ್ ಹೆಸರು ಸರಿ ಉಂಟು, ಆದ್ರೆ ಹೆಸರಲ್ಲಿ ಸಂಗೀತ ಇಲ್ಲ. ಪುಸ್ತಕ ತೆಗೆದು ನೋಡಿ. ಕೊನೆಯ ಮೂರು ಬಿಟ್ಟು ಪ್ರತಿ ಬಾರಲ್ಲಿ 16 ನೋಟ್ ಉಂಟು, ಎಂಟರ ಒಂದು ಪ್ಯಾಟರ್ನ್ ಎರಡು ಸಲ, ಆದ್ರೆ ಸ್ವರ ಐದೇ. ಎಡಗೈಗೆ ಎರಡು, ಬಲಗೈಗೆ ಮೂರು. ಆ ಐದನ್ನೂ ಒಟ್ಟಿಗೆ ಒತ್ತಿ.

ಬಾರ್ 1: ಸಿ ಇ, ಜಿ ಸಿ ಇ
ಬಾರ್ 2: ಸಿ ಡಿ, ಎ ಡಿ ಎಫ್
ಬಾರ್ 3: ಬಿ ಡಿ, ಜಿ ಡಿ ಎಫ್
ಬಾರ್ 4: ಸಿ ಇ, ಜಿ ಸಿ ಇ

ಈಗ ಪೆಡಲ್ ಮುಟ್ಟದೆ ನಿಧಾನ ಒಂದರಿಂದ ಇನ್ನೊಂದಕ್ಕೆ ಹೋಗಿ, ಯಾವ ಬೆರಳು ಅಲುಗಾಡ್ತದೆ ಯಾವುದು ಕೂತಲ್ಲೇ ಕೂತಿರ್ತದೆ ಅಂತ ಮಾತ್ರ ನೋಡುದು. 1ರಿಂದ 2ಕ್ಕೆ ಮೇಲಿನ ನಾಲ್ಕೂ ಒಂದೊಂದು ಹೆಜ್ಜೆ ಸರಿಯುತ್ತವೆ, ಕೆಳಗಿನ ಸಿ ಮಾತ್ರ ಎದ್ದೇಳುದಿಲ್ಲ. ಈಗ ಅದರ ಪಕ್ಕದಲ್ಲೇ ಡಿ ಬಂದು ಕೂತಿತು, ಎರಡೂ ಒಂದಕ್ಕೊಂದು ತಾಗ್ತವೆ, ಸಿಗೆ ಇರ್ಲಿಕ್ಕೆ ಆಗುದಿಲ್ಲ. 3ನೇ ಬಾರಲ್ಲಿ ಸಿ ಸೋತು ಬಿಗೆ ಇಳೀತದೆ, ಎ ಕೂಡ ಜಿಗೆ ಇಳೀತದೆ, ಉಳಿದ ಮೂರು ಇದ್ದಲ್ಲೇ ಇರ್ತವೆ. ನೀವು ಹರಿವು ಹರಿವು ಅಂತ ಹೇಳಿದ್ದು ಈ ತಾಗುದು ಮತ್ತು ಇಳಿಯುದು, ಬೇರೆ ಎಂಥ ಇಲ್ಲ. ಡಿ ಕೆಳಗೆ ಹಾಕಿದ್ರೆ ತಾಗುದೇ ಇಲ್ಲ, ಮತ್ತೆ ಇಳಿಯುದೆಲ್ಲಿಂದ?

ಬಲಗೈಯ ಮೆಲೊಡಿ ಒಂದು ತಿಂಗಳು ಮರೆತುಬಿಡಿ. ಮೊದಲು ಬೇಸ್, ಅಂದ್ರೆ ಎಲ್ಲದಕ್ಕಿಂತ ಕೆಳಗಿನ ಸ್ವರ.

ರಾಜಾಜಿನಗರ_ರಘು:
ಈಗ ತಾನೇ ಕೂತು ಮಾಡಿದೆ. ಸರ್, ಆರು ವರ್ಷದಲ್ಲಿ ಇದನ್ನ ನಾನು ನೋಡೇ ಇಲ್ಲ. ಬೆರಳಿಗೆ ಬಾಯಿಪಾಠ ಇತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಎಂಟನೇ ಬಾರ್‌ನಲ್ಲಂತೂ ಬಿ ಮತ್ತು ಸಿ ಪಕ್ಕಪಕ್ಕ ಒಟ್ಟಿಗೆ ಒತ್ತಬೇಕು, ಹಾಗೇ ಒತ್ತಿದ್ರೆ ಕರ್ಕಶ, ಆದ್ರೆ ಮುಂದಿನ ಬಾರ್‌ಗೆ ಹೋದ್ರೆ ಉಸಿರು ಬಿಟ್ಟಂಗೆ ಆಗುತ್ತೆ.

ಶುದ್ಧಶಾಸ್ತ್ರೀಯ:
ಕ್ಷಮಿಸಿ, ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬಾಖ್ ಬರೆದದ್ದನ್ನು ಬರೆದ ಹಾಗೆ ನುಡಿಸುವುದೇ ನಮಗೆ ಜೀವಮಾನದ ಕೆಲಸ. ಅದರ ಹಾರ್ಮನಿ ಬಿಚ್ಚಿ ಅದರ ಮೇಲೆ ಕೈಗೆ ಬಂದದ್ದು ಹಾಕುವುದು ದೇವಸ್ಥಾನದ ಕಲ್ಲು ಕಿತ್ತು ತಂದು ಮನೆ ಕಟ್ಟಿದ ಹಾಗೆ. ಇಂಪ್ರೊವೈಸ್ ಮಾಡಬೇಕಿದ್ದರೆ ಜಾಝ್ ಇದೆಯಲ್ಲ.

ಲೈಪ್‌ಜಿಗ್_ಕನ್ನಡಿಗ:
ಸರ್, ಗೌರವ ಇಟ್ಟುಕೊಂಡೇ ಹೇಳ್ತೀನಿ, ಆ ಕಲ್ಲು ಜೋಡಿಸಿದವನೇ ಹಾಗೆ ಕಟ್ತಿದ್ದ. 1747ರಲ್ಲಿ ಬಾಖ್ ಪಾಟ್ಸ್‌ಡಾಮ್‌ಗೆ ಹೋದಾಗ ಪ್ರಷ್ಯಾದ ದೊರೆ ಫ್ರೆಡ್ರಿಕ್ ಒಂದು ಥೀಮ್ ಕೊಟ್ಟು ಇದರ ಮೇಲೆ ಫ್ಯೂಗ್ (ಒಂದೇ ಥೀಮನ್ನ ದನಿಗಳು ಒಂದರ ಹಿಂದೆ ಒಂದು ಎತ್ಕೊಳ್ಳೋ ರಚನೆ) ನುಡಿಸು ಅಂದ, ಬಾಖ್ ಅಲ್ಲೇ ಕೂತು ಮೂರು ದನಿಯ ಫ್ಯೂಗ್ ನುಡಿಸಿದ. ಮೊಜಾರ್ಟ್ ತನ್ನ ಕನ್ಚೆರ್ಟೊಗಳಲ್ಲಿ ಕೆಡೆನ್ಸಾ ಅಂತ ಜಾಗ ಬಿಡ್ತಿದ್ದದ್ದೇ ನುಡಿಸೋನು ಅಲ್ಲಿ ಸ್ವಂತದ್ದು ನುಡಿಸಲಿ ಅಂತ. ಬರೆದಿದ್ದು ಬಿಟ್ಟು ಬೇರೆ ನುಡಿಸಬಾರದು ಅನ್ನೋ ಮಡಿ ಆಮೇಲೆ ಬಂದಿದ್ದು.

ಈ ಪ್ರೆಲ್ಯೂಡ್ ವಿಷಯದಲ್ಲೇ ಒಂದು ಮಜಾ ಇದೆ. 1720ರಲ್ಲಿ ಬಾಖ್ ತನ್ನ ಒಂಬತ್ತು ವರ್ಷದ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಪಾಠದ ಪುಸ್ತಕ ಶುರು ಮಾಡಿಕೊಟ್ಟ, ಅದರಲ್ಲಿ ಇದರ ಹಳೇ ರೂಪ ಇದೆ. ಮೊದಲ ಕೆಲವು ಬಾರ್‌ನಲ್ಲಿ ಪ್ಯಾಟರ್ನ್ ಬಿಡಿಸಿ ಬರೆದು ಆಮೇಲೆ ಬರೀ ಕಾರ್ಡ್ ಗುಡ್ಡೆ ಹಾಕಿದಾನೆ, ಮಿಕ್ಕಿದ್ದು ನೀನೇ ಬಿಡಿಸಿ ನುಡಿಸ್ಕೋ ಮಗನೇ ಅಂತ. ಕುಡ್ಲ ಸರ್ ಹೇಳಿದ ಐದು ಬೆರಳ ಅಭ್ಯಾಸ ಇದರ ಉಲ್ಟಾ ಅಷ್ಟೇ. (ನಮ್ಮ ಲೈಪ್‌ಜಿಗ್‌ನವರು ಎಲ್ಲವನ್ನೂ ನಮ್ಮದು ಅಂತಾರೆ, ಆದ್ರೆ ಇದು 1722ರಲ್ಲಿ ಕ್ಯೋಥೆನ್‌ನಲ್ಲಿ ಸೇರಿಸಿದ ಸಂಪುಟದ್ದು, ಬಾಖ್ ಇಲ್ಲಿಗೆ ಬಂದಿದ್ದು ಮುಂದಿನ ವರ್ಷ.)

ಶುದ್ಧಶಾಸ್ತ್ರೀಯ:
ಬಾಖ್ ಮಾಡಿದ್ದು ಬಾಖ್‌ಗೆ ಒಪ್ಪುತ್ತದೆ. ನಾವು ಬಾಖ್ ಅಲ್ಲವಲ್ಲ.

ವೀಣೆ_ವನಜ:
ಅಯ್ಯೋ, ಸರಳೆ ವರಸೆ ಹಾಡೋ ಮಗುವಿಗೆ ನೀನು ತ್ಯಾಗರಾಜರಲ್ಲ, ಸ್ವರ ಹಾಕಬೇಡ ಅಂತೀವಾ? ಮನೇಲಿ ಬಾಗಿಲು ಹಾಕ್ಕೊಂಡು ಮಾಡ್ಲಿ ಬಿಡಿ. ನಮ್ಮೂರಿನ ಮಹಾರಾಜರನ್ನೇ ನೋಡಿ, ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್‌ನ ಪಿಯಾನೋ ಲೈಸೆನ್ಷಿಯೇಟ್ ಡಿಪ್ಲೊಮಾ ತಗೊಂಡವರು, ಮೆಟ್ನರ್ ಅನ್ನೋ ರಷ್ಯನ್ನರ ಸಂಗೀತ ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟವರು, ಆತ ತನ್ನ ಮೂರನೇ ಕನ್ಚೆರ್ಟೊ ಇವರಿಗೇ ಅರ್ಪಿಸಿದ. ಅದೇ ಮನುಷ್ಯ ಕರ್ನಾಟಕ ಸಂಗೀತದಲ್ಲಿ 94 ಕೃತಿ ಮಾಡಿದ್ರು. ಮೈಲಿಗೆ ಏನೂ ಆಗಲಿಲ್ಲ.

ಕೀಬೋರ್ಡ್_ಕಿಟ್ಟಿ:
ಮೇಡಂ 🙏🙏 ಆದ್ರ ರಘು ಅಣ್ಣನ 36ನೇ ಬಾರ್ ಎಲ್ಲಿ ಹೋತು, ಯಾರೂ ಹೇಳವಲ್ರಿ.

ಲೈಪ್‌ಜಿಗ್_ಕನ್ನಡಿಗ:
ಹಾ, ಮರೆತೇ ಹೋಗಿತ್ತು. ರಘು, ನಿಮ್ಮ ಪಿಡಿಎಫ್‌ನಲ್ಲಿ 22ನೇ ಬಾರ್‌ನ ಬೇಸ್ ಎಫ್ ಶಾರ್ಪ್, ಆಮೇಲೆ ಜಿ, ಆಮೇಲೆ ಎ ಫ್ಲಾಟ್ ಇದೆಯಾ?

ರಾಜಾಜಿನಗರ_ರಘು:
ಇದೆ! ಎಫ್ ಶಾರ್ಪ್, ಜಿ, ಎ ಫ್ಲಾಟ್, ಮತ್ತೆ ಜಿ.

ಲೈಪ್‌ಜಿಗ್_ಕನ್ನಡಿಗ:
ಆ ಮೊದಲ ಜಿ ಇರೋ ಬಾರ್ ಬಾಖ್‌ದಲ್ಲ. ಶ್ವೆಂಕೆ ಅನ್ನೋರ ಪ್ರತಿಯಿಂದ ನುಸುಳಿ ಬಂದಿದ್ದು, ಹಳೇ ಮುದ್ರಣಗಳಲ್ಲಿ ಹಾಗೇ ಉಳ್ಕೊಂಡಿದೆ. ಬಾಖ್ ಎಫ್ ಶಾರ್ಪ್‌ನಿಂದ ನೇರ ಎ ಫ್ಲಾಟ್‌ಗೆ ಹಾರ್ತಾನೆ. ಆ ಹಾರಿಕೆ ಯಾರಿಗೋ ಒರಟು ಅನ್ನಿಸಿ ಮಧ್ಯೆ ಒಂದು ಮೆಟ್ಟಿಲು ಹಾಕಿದಾರೆ. ಫ್ರಾನ್ಸಿನ ಗುನೋ 1853ರಲ್ಲಿ ಈ ಪ್ರೆಲ್ಯೂಡ್ ಮೇಲೆ ತನ್ನ ಮೆಲೊಡಿ ಕೂರಿಸಿದಾಗಲೂ ಅವನ ಕೈಲಿದ್ದದ್ದು ಮೆಟ್ಟಿಲು ಇರೋ ಪ್ರತಿ. ಆ ಮೆಲೊಡಿಗೇ ಆಮೇಲೆ ಆವೆ ಮರಿಯಾ ಪ್ರಾರ್ಥನೆಯ ಪದ ಸೇರಿದ್ದು.

ಕುಡ್ಲ_ಆರ್ಗನ್:
ಅದನ್ನು ಮದುವೆಗೆಲ್ಲ ನುಡಿಸಿ ನುಡಿಸಿ ಬೆರಳು ಸವೆದು ಹೋಗಿದೆ. ಆದ್ರೆ ರಘು ಅವರೇ, ಒಂದು ತಿಂಗಳು ಆದ ಮೇಲೆ ಗುನೋ ಕೇಳಿ. ಬಲಗೈ ಎಂಥ ಮಾಡ್ಬೇಕು ಅಂತ ಅಲ್ಲಿ ಗೊತ್ತಾಗ್ತದೆ. ಮೊದಲ ಸ್ವರ ಉದ್ದಕ್ಕೆ ಎಳೆದು ಬಿಡ್ತಾನೆ, ಅವಸರ ಇಲ್ಲ, ಕೆಳಗೆ ಬಾಖ್ ಓಡ್ತಾ ಇರ್ತಾನೆ. ಹೊಸಬರು ಎಂಥ ಮಾಡುದು, ಬಲಗೈಯಲ್ಲಿ ಉಸಿರು ಬಿಡದೆ ಪಟಪಟ ಪಟಪಟ. ಬಾರಿಗೆ ಒಂದು ಸ್ವರ ಸಾಕು.

ವೀಣೆ_ವನಜ:
ತಡೀರಿ ತಡೀರಿ, ಆ 22, 23ನೇ ಬಾರ್ ಈಗ ನುಡಿಸಿ ನೋಡಿದೆ, ಮೈ ಜುಂ ಅಂತು. ಪ್ರತಿಮಧ್ಯಮ, ಶುದ್ಧ ಧೈವತ (ಎ ಫ್ಲಾಟ್), ಆಮೇಲೆ ಪಂಚಮ (ಜಿ)! ಪಂಚಮಕ್ಕೆ ಹೋಗೋಕೆ ಮುಂಚೆ ಅದರ ಕೆಳಗಿನ ಮನೆ ತಟ್ಟಿ, ಮೇಲಿನ ಮನೆ ತಟ್ಟಿ, ಕೊನೆಗೆ ನಡುವಿನ ಬಾಗಿಲು ತೆಗೀತಾನೆ. ಆಲಾಪನೆಯಲ್ಲಿ ನ್ಯಾಸ ಸ್ವರಕ್ಕೆ (ಬಂದು ನಿಲ್ಲೋ ಸ್ವರಕ್ಕೆ) ಬರೋ ಮುಂಚೆ ನಾವು ಹೀಗೇ ಸುತ್ತು ಹೊಡೀತೀವಿ, ಕೇಳೋರನ್ನ ಕಾಯಿಸ್ತೀವಿ. ಆ ಮೆಟ್ಟಿಲು ಹಾಕಿದ ಪುಣ್ಯಾತ್ಮ ಪಂಚಮವನ್ನ ಮೊದಲೇ ತೋರಿಸಿ ಮಜಾ ಎಲ್ಲಾ ಹಾಳು ಮಾಡಿದಾನೆ. ಅದಾದ್ಮೇಲೆ 24ರಿಂದ 31ರವರೆಗೆ ಎಂಟು ಬಾರ್ ಪಂಚಮ ಕೆಳಗೆ ತಂಬೂರಿ ಥರ ನಿಂತಿರುತ್ತೆ. ರಘು, ನನ್ನ ಕೇಳಿದ್ರೆ ಬಲಗೈ ಅಭ್ಯಾಸ ಅಲ್ಲಿಂದ ಶುರು ಮಾಡಿ. ಕೆಳಗೆ ಆಧಾರ ಅಲ್ಲಾಡಲ್ಲ, ಮೇಲೆ ಮಾತ್ರ ಬಣ್ಣ ಬದಲಾಗುತ್ತೆ, ನಮ್ಮಂಥ ಶ್ರುತಿ ಕೇಳಿ ಬೆಳೆದ ಕಿವಿಗೆ ಹೆದರಿಕೆ ಆಗಲ್ಲ.

ಶುದ್ಧಶಾಸ್ತ್ರೀಯ:
ನೋಡಿ, ಬಾಖ್‌ಗೆ ಇನ್ನೊಬ್ಬರು ಕೈ ಹಾಕಿದರೆ ಏನಾಗುತ್ತದೆ ಎಂದು ನೀವೇ ತೋರಿಸಿಕೊಟ್ಟಿರಿ.

ವೀಣೆ_ವನಜ:
😀 ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಸರ್, ಸೋತೆ.

ಕೀಬೋರ್ಡ್_ಕಿಟ್ಟಿ:
35 ಬಾರ್ ಭಾಳ ಆತು ಅನ್ನಾವ್ರಿಗೆ ಒಂದು ಹೇಳ್ತೀನ್ರಿ. ಲಾ ಫೋಲಿಯಾ ಅಂತ ಒಂದು ಹಳೇ ಕಾರ್ಡ್ ಸುತ್ತು ಐತಿ, ಕೊರೆಲಿ ಅನ್ನಾಂವ 1700ರೊಳಗ ವಯಲಿನ್‌ಗೆ ಅದರ ಮ್ಯಾಲ ವೇರಿಯೇಶನ್ ಬರದಾನ. ಹದಿನಾರ ಬಾರು, ನಾಕ ಕಾರ್ಡು.

ಡಿ ಮೈನರ್, ಎ, ಡಿ ಮೈನರ್, ಸಿ, ಎಫ್, ಸಿ, ಡಿ ಮೈನರ್, ಎ

ಇಷ್ಟು ಆದ ಮ್ಯಾಲ ಮತ್ತ ಅದನ್ನ ಬಾರಿಸೂದು, ಕಡೀಕ ಎರಡು ಬಾರಿನ್ಯಾಗ ಡಿ ಮೈನರ್ ಮತ್ತು ಎ ಒಂದ ಬಾರಿಗೆ ಹಾಕಿ ಡಿ ಮೈನರ್‌ಗೆ ಬಂದು ನಿಲ್ಲೂದು. ನಾ ಇದನ್ನ ಒಂದು ಪ್ರೋಗ್ರಾಮಿನ್ಯಾಗ ಸಿಂಗರ್ ಬರೂ ತನಕ ಇಪ್ಪತ್ತು ನಿಮಿಷ ಬಾರಿಸೀನಿ, ಒಮ್ಮೆ ಮೂರರ ಲಯ, ಒಮ್ಮೆ ಆರರ ಲಯ, ತಬಲಾದಾಂವ ತಾನ ಹಿಂದಿಂದ ಸೇರಿಕೊಂಡ. ಒಬ್ಬಾಂವ ಬಂದು ಇದು ಯಾವ ಪಿಚ್ಚರಿಂದು ಅಂತ ಕೇಳಿದ.

ಮತ್ತ ಒಂದ ಮಾತು, ಕೀಬೋರ್ಡಿನ್ಯಾಗ ಶ್ರುತಿ ಬದಲಿಸೂ ಟ್ರಾನ್ಸ್‌ಪೋಸ್ ಬಟನ್ ಇರತೈತಿ, ಅದನ್ನ ಮುಟ್ಟಬ್ಯಾಡ್ರಿ. ನಾ ಹದಿನೈದು ವರ್ಷ ಆ ಬಟನ್ ಮ್ಯಾಲ ಬದುಕೀನಿ, ಈಗ ಖರೇ ಪಿಯಾನೋ ಮುಂದ ಕುಂತ್ರ ಇ ಫ್ಲಾಟ್ ಎಲ್ಲೈತಿ ಅಂತ ಹುಡುಕಬೇಕಾಗತೈತಿ.

ಕುಡ್ಲ_ಆರ್ಗನ್:
ಕಿಟ್ಟಿಯವರು ಲಾಯ್ಕ ಹೇಳಿದ್ರು. ಕೊರೆಲಿಯ ಆ ಪೀಸಲ್ಲಿ ಕೀಬೋರ್ಡಿನವನಿಗೆ ಬರೆದು ಕೊಡುದು ಬೇಸ್ ಗೆರೆ ಮತ್ತು ಅದಕ್ಕೆ ಕೆಲವು ಅಂಕಿ ಮಾತ್ರ, ಬಾಕಿ ಅವನೇ ಆಗಿಂದಾಗ ತುಂಬಿಸ್ಬೇಕು. ನೇಪಲ್ಸ್‌ನಲ್ಲಿ 18ನೇ ಶತಮಾನದಲ್ಲಿ ಮಕ್ಕಳಿಗೆ ಹೀಗೇ ಕಲಿಸ್ತಾ ಇದ್ದದ್ದು, ಕನ್ಸರ್ವೇಟರಿ ಅಂದ್ರೆ ಮೊದಲು ಅನಾಥ ಮಕ್ಕಳ ಆಶ್ರಮ. ಹುಡುಗರಿಗೆ ಬರೀ ಒಂದು ಬೇಸ್ ಗೆರೆ ಕೊಡುದು, ಪಾರ್ಟಿಮೆಂಟೊ ಅಂತ ಹೆಸರು, ಅದನ್ನು ನೋಡಿ ಇಡೀ ಸಂಗೀತ ಕೀಬೋರ್ಡ್ ಮೇಲೆ ಕಟ್ಬೇಕು. ಬೇಸ್ ಒಂದು ಹೆಜ್ಜೆ ಇಳಿದ್ರೆ ಮೇಲೆ ಎಂಥ ಬರ್ತದೆ, ಹಾರಿದ್ರೆ ಎಂಥ ಬರ್ತದೆ, ಕೈಗೆ ಅಭ್ಯಾಸ ಆಗುವ ತನಕ.

ರಘು ಅವರೇ, ನಿಮಗೆ ಹೋಂವರ್ಕ್. ಪ್ರೆಲ್ಯೂಡಿನ 12ರಿಂದ 19, ಎಂಟು ಬಾರಿನ ಬೇಸ್ ಮಾತ್ರ ಒಂದು ಚೀಟಿಯಲ್ಲಿ ಬರ್ಕೊಳ್ಳಿ: ಜಿ ಎಫ್ ಎಫ್ ಇ ಇ ಡಿ ಜಿ ಸಿ. ವನಜ ಮೇಡಂ ಭಾಷೆಯಲ್ಲಿ ಪ ಮ ಮ ಗ ಗ ರಿ ಪ ಸ. ಪುಸ್ತಕ ಮುಚ್ಚಿ. ಮೇಲಿನದು ನೀವೇ ಹುಡುಕಿ ತುಂಬಿಸಿ. ತಪ್ಪಿದ್ರೆ ತಪ್ಪಲಿ.

ರಾಜಾಜಿನಗರ_ರಘು:
ಮೂರು ವಾರ ಆದ್ಮೇಲೆ ಬಂದೆ, ಆಫೀಸಲ್ಲಿ ರಿಲೀಸ್ ಇತ್ತು, ಕೂರೋಕೆ ಆಗ್ತಿದ್ದಿದ್ದು ರಾತ್ರಿ ಹನ್ನೊಂದರ ಮೇಲೆ ಹೆಡ್‌ಫೋನ್ ಹಾಕ್ಕೊಂಡು.

ಮೊದಲನೇ ವಾರ ಪೂರ್ತಿ ಐದು ಬೆರಳ ಕಾರ್ಡ್ ಮಾತ್ರ. ಬೋರ್ ಆಗುತ್ತೆ ಅಂದ್ಕೊಂಡಿದ್ದೆ, ಆಗಲಿಲ್ಲ. ಎರಡನೇ ವಾರ ಮೊದಲ ನಾಲ್ಕು ಬಾರ್ ಜಿನಲ್ಲಿ, ಎಫ್‌ನಲ್ಲಿ, ಡಿನಲ್ಲಿ ಬಟನ್ ಮುಟ್ಟದೆ. ಡಿ ತನಕ ಬರೋಷ್ಟರಲ್ಲಿ ಯಾವ ಬೆರಳು ಕೂರಬೇಕು ಯಾವುದು ಇಳೀಬೇಕು ಅಂತ ಕೈಗೇ ಗೊತ್ತಾಗೋಕೆ ಶುರುವಾಯ್ತು. ಆಮೇಲೆ ಅದೇ ಕಾರ್ಡ್‌ಗಳನ್ನ ವಾಲ್ಟ್ಸ್ ಥರ ಮೂರರ ಲಯಕ್ಕೆ ತಂದೆ, ಎಡಗೈಲಿ ಬೇಸ್ ಒಂದು ಏಟು, ಬಲಗೈಲಿ ಮಿಕ್ಕಿದ್ದು ಎರಡು ಏಟು. ಅಷ್ಟಕ್ಕೇ ಗುರುತೇ ಸಿಗಲ್ಲ ಅದು ಬಾಖ್ ಅಂತ! ಶುದ್ಧಶಾಸ್ತ್ರೀಯ ಸರ್, ಕ್ಷಮಿಸಿ.

ಬಲಗೈ ವನಜ ಮೇಡಂ ಹೇಳಿದಂಗೆ 24ನೇ ಬಾರ್‌ನಿಂದ ಶುರು ಮಾಡಿದೆ, ಬಾರ್‌ಗೆ ಒಂದೇ ಸ್ವರ, ಕಾರ್ಡ್ ಒಳಗಿನದ್ದು. ನಿನ್ನೆ ಮೊದಲ ಸಲ ಎರಡು ಸ್ವರದ ಮಧ್ಯೆ ದಾಟೋಕೆ ಇನ್ನೊಂದು ಸೇರಿಸಿದೆ. ಹೇಳ್ಕೊಳ್ಳೋವಂಥದ್ದೇನಲ್ಲ, ಆದ್ರೆ ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಗ್ರೇಡ್ 5ರಲ್ಲಿ ಟ್ರಿನಿಟಿಯವರು ಇಂಪ್ರೊವೈಸೇಶನ್ ಅಂತ ಒಂದು ಆಯ್ಕೆ ಕೊಟ್ಟಿದ್ರು, ಆಗ ನಾನು ಅದರ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಆದ್ರೆ ಕುಡ್ಲ ಸರ್, ಹೋಂವರ್ಕ್ ಫೇಲ್. 12ನೇ ಬಾರ್‌ಗೆ ಜಿ ಮೇಲೆ ಏನು ಇಡಬೇಕು ಅಂತ ಪುಸ್ತಕ ಮುಚ್ಚಿದ್ರೆ ಹೊಳೆಯೋದೇ ಇಲ್ಲ, ಪ್ರತಿ ಸಲ ಸಾದಾ ಜಿ ಮೇಜರ್ ಹಾಕ್ತೀನಿ, ಚಪ್ಪೆಯಾಗುತ್ತೆ.

ಲೈಪ್‌ಜಿಗ್_ಕನ್ನಡಿಗ:
ಸೂಪರ್ ರಘು. ಬಲಗೈಗೆ ಇನ್ನೂ ಕಡಿಮೆ ಕೆಲಸ ಬೇಕು ಅಂದ್ರೆ ಶೋಪಾಂನ ಇ ಮೈನರ್ ಪ್ರೆಲ್ಯೂಡ್, ಓಪಸ್ 28ರ ನಾಲ್ಕನೇದು, ಮುಂದೆ ತಗೊಳ್ಳಿ. ಎಡಗೈ ಕಾರ್ಡ್‌ಗಳು ಒಂದೊಂದು ಬೆರಳಾಗಿ ಅರ್ಧರ್ಧ ಸ್ವರ ಕೆಳಗೆ ಜಾರ್ತಾ ಹೋಗುತ್ತೆ, ಬಲಗೈ ಮೊದಲ ಮೂರು ಬಾರ್ ಬಿ ಮತ್ತು ಸಿ ಬಿಟ್ಟು ಎಲ್ಲೂ ಹೋಗಲ್ಲ.

ಕುಡ್ಲ_ಆರ್ಗನ್:
ಫೇಲ್ ಅಲ್ಲ ಮಾರಾಯ್ರೆ, ಅದು ಕಷ್ಟದ್ದೇ. ಹಿಂದಿಂದ ಬನ್ನಿ. 13ನೇ ಬಾರ್ ಡಿ ಮೈನರ್, ಎಫ್ ಕೆಳಗೆ, ಎಫ್ ಎ ಡಿ ಎ ಡಿ. ಅದು ನೀವು ಹೋಗ್ಬೇಕಾದ ಮನೆ. ಈಗ ಆ ಮನೆಯ ಒಂದೊಂದು ಸ್ವರಕ್ಕೂ ಹತ್ತಿರದ ಪಕ್ಕದ್ದು ಯಾವುದು ಅಂತ ನೋಡಿ. ಮೇಲಿನ ಡಿಗೆ ಅರ್ಧ ಕೆಳಗೆ ಸಿ ಶಾರ್ಪ್. ಎಗೆ ಅರ್ಧ ಮೇಲೆ ಬಿ ಫ್ಲಾಟ್. ಬೇಸ್ ಜಿ ಹೇಗೂ ಎಫ್‌ಗೆ ಇಳೀತದೆ. ಮಧ್ಯದಲ್ಲಿ ಇ ಒಂದು ಸೇರಿಸಿ. ಆಯ್ತಲ್ಲ, ಜಿ ಬಿ ಫ್ಲಾಟ್, ಇ ಜಿ ಸಿ ಶಾರ್ಪ್. ಎಲ್ಲರೂ ಬಾಗಿಲ ಹತ್ತಿರ ನಿಂತು ಒಳಗೆ ಹೋಗ್ಲಿಕ್ಕೆ ಕಾಯುದು.

ಮತ್ತೆ 14, 15 ನೋಡಿ, ಅದೇ ಆಟ ಒಂದು ಮೆಟ್ಟಿಲು ಕೆಳಗೆ. ಎಫ್ ಎ ಫ್ಲಾಟ್, ಡಿ ಎಫ್ ಬಿ. ಬಿ ಸಿಗೆ ಹತ್ತುದು, ಎ ಫ್ಲಾಟ್ ಜಿಗೆ ಇಳಿಯುದು, ಬೇಸ್ ಎಫ್ ಇಗೆ. ಈ ಎರಡು ಜೋಡಿ ಮಾತ್ರ ಒಂದು ವಾರ ಮಾಡಿ, ಬೇರೆ ಎಂಥದೂ ಬೇಡ.

ಶುದ್ಧಶಾಸ್ತ್ರೀಯ:
14ನೇ ಬಾರಿನಲ್ಲಿ ಎ ಫ್ಲಾಟ್‌ಗೆ ಎಡಗೈಯ ಎರಡನೇ ಬೆರಳು ಹಾಕಿ ರಘು ಅವರೇ, ಹೆಬ್ಬೆರಳು ಬೇಡ. ಹೆಬ್ಬೆರಳು ಕಪ್ಪು ಕೀ ಮೇಲೆ ಇಟ್ಟರೆ ಮುಂದಿನ ಬಾರಿಗೆ ಮಣಿಕಟ್ಟು ತಿರುಗುತ್ತದೆ.

ರಾಜಾಜಿನಗರ_ರಘು:
ಸರ್!! ಥ್ಯಾಂಕ್ಸ್. ಇವತ್ತು ರಾತ್ರಿನೇ ನೋಡ್ತೀನಿ.

ಕೀಬೋರ್ಡ್_ಕಿಟ್ಟಿ:
ಆಡಿಯೋ ಹಾಕ್ರಿ ಅಣ್ಣಾ, ಎಷ್ಟ ದಿನಾ ಬರೇ ಬರಕೋತ ಕುಂದ್ರತೀರಿ.

ರಾಜಾಜಿನಗರ_ರಘು:
ಭಾನುವಾರ ಹಾಕ್ತೀನಿ. 12ನೇ ಬಾರ್ ಬಂದ್ರೆ.